ಕೇಕ್ ಉಂಡೆಯ ಚಾಕೊಲೇಟ್ ಯಾಕೆ ಬಿರುಕು ಬಿಡುತ್ತದೆ?

ನನ್ನ ಬೇಕಿಂಗ್ ತರಗತಿಗೆ ಬಂದು ಹೋದವರು ಫೋಟೋ ಕಳಿಸಿ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ರಾತ್ರಿ ಕೇಕ್ ಉಂಡೆಯನ್ನು ಚಾಕೊಲೇಟ್‌ನಲ್ಲಿ ಅದ್ದಿ ಇಟ್ಟಾಗ ನುಣ್ಣಗೆ ಹೊಳೀತಿತ್ತು, ಬೆಳಿಗ್ಗೆ ನೋಡಿದರೆ ಸುತ್ತ ಬಿರುಕು, ಚಾಕೊಲೇಟ್ ಸರಿ ಇಲ್ವಾ? ಚಾಕೊಲೇಟ್ ಸರಿಯಾಗೇ ಇರುತ್ತದೆ. ಎಡವಟ್ಟಾಗಿರುವುದು ಒಳಗಿನ ಉಂಡೆಯಲ್ಲಿ.

ಫ್ರೀಜರ್‌ನಿಂದ ತೆಗೆದ ಕಲ್ಲಿನಂಥ ಉಂಡೆಯನ್ನು ಬಿಸಿ ಚಾಕೊಲೇಟ್‌ಗೆ ಹಾಕಿದ ತಕ್ಷಣ ಹೊರಗಿನ ಪದರ ಗಟ್ಟಿಯಾಗಿ ಬಿಗಿದುಕೊಳ್ಳುತ್ತದೆ. ಆಮೇಲೆ ಉಂಡೆ ನಿಧಾನಕ್ಕೆ ಬಿಸಿಯಾಗಿ ಹಿಗ್ಗುತ್ತದೆ. ಚಿಪ್ಪಿಗೆ ಹಿಗ್ಗೋಕೆ ಬರಲ್ಲ, ಒಡೆಯುತ್ತದೆ. ಅದಕ್ಕೇ ನಾನು ಫ್ರೀಜರ್ ಮುಟ್ಟುವುದಿಲ್ಲ. ಫ್ರಿಜ್‌ನಲ್ಲಿ 30 ನಿಮಿಷ, ಹೊರಗೆ 10 ನಿಮಿಷ, ಆಮೇಲೆ ಅದ್ದುವುದು. ಕೈಗೆ ತಂಪು ಅನ್ನಿಸಿದರೆ ಸಾಕು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಕಡೆ, ಹೊರಗಿಟ್ಟ ಉಂಡೆ ಬೆವರುತ್ತದೆ, ಅದನ್ನು ಟಿಶ್ಯೂನಲ್ಲಿ ಒತ್ತಿ ಒರೆಸಿ, ಯಾಕೆಂದರೆ ಒಂದೆರಡು ಹನಿ ನೀರು ಬಿದ್ದರೂ ಕರಗಿದ ಚಾಕೊಲೇಟ್ ಮುದ್ದೆಗಟ್ಟುತ್ತದೆ.

ಇನ್ನು ಉಂಡೆ ಕಟ್ಟುವುದು. 400 ಗ್ರಾಂ ಪ್ಲೇನ್ ಕೇಕ್ ತಗೊಳ್ಳಿ, ಕಂದು ಅಂಚು ತೆಗೆದು ಪುಡಿ ಮಾಡಿ. 60 ಗ್ರಾಂ ಚಾಕೊಲೇಟ್, 40 ಗ್ರಾಂ ಕ್ರೀಮ್ ಸೇರಿಸಿ ಮಾಡಿದ ಗನಾಶ್ ಸಾಕು. ಅದನ್ನೂ ಒಟ್ಟಿಗೆ ಸುರಿಯಬೇಡಿ. ರವೆ ಉಂಡೆಗೆ ಹಾಲು ಚಿಮುಕಿಸುವ ಹಾಗೆ ಸ್ವಲ್ಪ ಸ್ವಲ್ಪವೇ ಹಾಕುತ್ತಾ, ಹಿಡಿ ಮುಚ್ಚಿದಾಗ ಒಂದಾಗಿ ನಿಂತರೆ ಅಲ್ಲಿಗೇ ನಿಲ್ಲಿಸಿ, ಉಳಿದರೆ ಉಳಿಯಲಿ. ಗನಾಶ್ ಜಾಸ್ತಿಯಾದರೆ ತಿನ್ನುವಾಗ ಒಳಗೆ ಹಸಿ ಹಿಟ್ಟಿನ ಹಾಗಿರುತ್ತದೆ, ಜಿಡ್ಡೂ ಹೊರಗೆ ಒಸರುತ್ತದೆ. 20 ಗ್ರಾಂನಂತೆ ತೂಗಿ ಕಟ್ಟಿದರೆ ಸುಮಾರು 24 ಆಗುತ್ತವೆ.

ಮೊದಲ ಸಲ ಮಾಡುವವರು ಕಾಂಪೌಂಡ್ ಚಾಕೊಲೇಟ್ ಬಳಸಿ, ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಇರುವುದರಿಂದ ಸುಮ್ನೆ ಕರಗಿಸಿ ಅದ್ದಿದರೆ ಆಯ್ತು. ಆದರೆ ಕೈ ಪಳಗಿದ ಮೇಲೆ ದಯವಿಟ್ಟು ನಿಜವಾದ ಚಾಕೊಲೇಟ್‌ಗೆ ಬನ್ನಿ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿಗೆ, ಅಂದರೆ ನಮ್ಮ ಮೈ ಬಿಸಿಗಿಂತ ಸ್ವಲ್ಪ ಕಡಿಮೆಯಲ್ಲೇ, ಕರಗುತ್ತದೆ. ಬಾಯಲ್ಲಿ ಹಾಗೆ ಮಾಯವಾಗುವುದು ಅದಕ್ಕೇ. ಕಾಂಪೌಂಡ್ ಎಷ್ಟೋ ಸಲ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಡಾರ್ಕ್ ಚಾಕೊಲೇಟ್ ಆದರೆ 45 ಡಿಗ್ರಿವರೆಗೆ ಕರಗಿಸಿ, ಕೈಯಾಡಿಸುತ್ತಾ 27-28ಕ್ಕೆ ಇಳಿಸಿ, ಮತ್ತೆ 31-32ಕ್ಕೆ ಏರಿಸಿ ಅದ್ದಬೇಕು. ಥರ್ಮಾಮೀಟರ್ ಇಲ್ಲದೆ ಇದು ಆಗದ ಕೆಲಸ, ಒಂದು ಕೊಂಡುಬಿಡಿ. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನವಂತೂ ಬೇಡ, ಬೆಳಿಗ್ಗೆ ಬೇಗ ಮಾಡಿ.

ಬಟರ್ ಪೇಪರ್ ಮೇಲೆ ಗಟ್ಟಿಯಾದ ಮೇಲೆ ಪ್ರತಿ ಉಂಡೆಯ ತಳ ತಿರುಗಿಸಿ ನೋಡಿ. ಸೂಜಿಮೊನೆಯಷ್ಟು ತೂತಿದ್ದರೂ ಅಲ್ಲಿಂದ ಜಿಡ್ಡು ಬರುತ್ತದೆ, ಒಂದು ಹನಿ ಚಾಕೊಲೇಟ್ ಹಚ್ಚಿ ಮುಚ್ಚಿ. ಕ್ರೀಮ್ ಇರುವುದರಿಂದ ಫ್ರಿಜ್‌ನಲ್ಲೇ ಇಡಿ, ಗಾಳಿಯಾಡದ ಡಬ್ಬಿಯಲ್ಲಿ 4 ದಿನ ಚೆನ್ನಾಗಿರುತ್ತದೆ. ತಿನ್ನುವಾಗ ಡಬ್ಬಿ ಹೊರಗಿಟ್ಟು ಅರ್ಧ ಗಂಟೆ ಮುಚ್ಚಳ ತೆಗೆಯಬೇಡಿ. ಬೆವರು ಡಬ್ಬಿಯ ಮೇಲೆ ಕೂರುತ್ತದೆ, ಚಾಕೊಲೇಟ್ ಮೇಲಲ್ಲ.