ಹರಪ್ಪಾದ ತೂಕದ ಕಲ್ಲೂ ನಮ್ಮಜ್ಜಿಯ ಪಾವು ಸೇರೂ

ಸಿಂಧೂ ನಾಗರಿಕತೆ ಅಂದ ಕೂಡ್ಲೇ ಎಲ್ರಿಗೂ ಮೊಹೆಂಜೊದಾರೊದ ದೊಡ್ಡ ಕೊಳ, ಆ ಡಾನ್ಸಿಂಗ್ ಗರ್ಲ್ ಗೊಂಬೆ ಇವೇ ನೆನಪಾಗೋದು, ಸ್ಕೂಲ್ ಪುಸ್ತಕದಲ್ಲಿ ಇದ್ದಿದ್ದೂ ಅಷ್ಟೇ ಬಿಡಿ. ನನ್ನ ಕಣ್ಣು ಮಾತ್ರ ಅವರ ತೂಕದ ಕಲ್ಲುಗಳ ಮೇಲೆ. ಚರ್ಟ್ ಅನ್ನೋ ಗಟ್ಟಿ ಕಲ್ಲನ್ನ ದಾಳದ ಥರ ಕಡೆದು ನುಣ್ಣಗೆ ಉಜ್ಜಿದ್ದಾರೆ, ಮೇಲೆ ಒಂದು ಗೀಟೂ ಇಲ್ಲ, ನಂಬರೂ ಇಲ್ಲ.

ಲೆಕ್ಕ ಶುರುವಾಗೋದು ಸುಮಾರು 0.86 ಗ್ರಾಂನಿಂದ, ಆಮೇಲೆ ಡಬಲ್ ಮಾಡ್ಕೊಂಡೇ ಹೋಗೋದು, 2, 4, 8, 16, 32, 64 ಪಟ್ಟು. ಜಾಸ್ತಿ ಸಿಕ್ಕಿರೋದು 16ರದ್ದು, ಹೆಚ್ಚುಕಮ್ಮಿ 13.7 ಗ್ರಾಂ. ಡಬಲ್ಲೇ ಯಾಕೆ? ತಕ್ಕಡಿ ಹಿಡ್ಕೊಂಡು ನೋಡಿ, 1, 2, 4, 8, 16 ಅಂತ ಐದೇ ಕಲ್ಲಿದ್ರೆ 31ರ ತನಕ ಯಾವ ತೂಕ ಬೇಕಾದ್ರೂ ತೂಗ್ಬಹುದು. 13 ಬೇಕಾ, 8 ಹಾಕಿ, 4 ಹಾಕಿ, 1 ಹಾಕಿ, ಆಯ್ತು. ಕಂಪ್ಯೂಟರಿನ ಬೈನರಿ ಲೆಕ್ಕಾನೂ ಇದೇ, ಹಾಗಂತ ಅವರ ಹತ್ರ ಕಂಪ್ಯೂಟರ್ ಇತ್ತು ಅಂತ ವಾಟ್ಸಾಪಲ್ಲಿ ಫಾರ್ವರ್ಡ್ ಮಾಡ್ಬೇಡಿ ಮಾರಾಯ್ರೆ. ಹೊಸ ಕಲ್ಲು ಮಾಡೋದೂ ಸಲೀಸು, ಒಂದು ತಟ್ಟೆಗೆ ಒಂದೇ ತೂಕದ ಎರಡು ಕಲ್ಲು ಹಾಕಿ, ಇನ್ನೊಂದರಲ್ಲಿ ಹೊಸದನ್ನ ಸಮ ಬರೋ ತನಕ ಉಜ್ಜಿ ಉಜ್ಜಿ ಇಡೋದು. ನಮ್ಮಜ್ಜಿನೂ ಎರಡು ಪಾವಿಗೆ ಅಚ್ಚೇರು, ಎರಡು ಅಚ್ಚೇರಿಗೆ ಸೇರು ಅಂತ್ಲೇ ಅಕ್ಕಿ ಅಳೀತಿದ್ರು. ಅದು ಅಲ್ಲಿಂದ ಬಂತು ಅಂತಲ್ಲ, ಅರ್ಧ, ಅರ್ಧದಲ್ಲಿ ಅರ್ಧ ಅನ್ನೋದು ಯಾವ ಕಾಲದ ಕೈಗಾದ್ರೂ ಸುಲಭ.

ನಂಗೆ ತಲೆ ಕೆಡೋದು ಇಲ್ಲಿ: ಹರಪ್ಪಾ ಇರೋದು ಪಾಕಿಸ್ತಾನದ ಪಂಜಾಬಲ್ಲಿ, ಲೋಥಲ್ ಗುಜರಾತಲ್ಲಿ (ಅದನ್ನ 1955ರಿಂದ ಅಗೆಸಿದ್ದು ನಮ್ಮ ಕನ್ನಡದವ್ರೇ, ಎಸ್.ಆರ್. ರಾವ್), ಮಧ್ಯೆ ಸುಮಾರು 900 ಕಿಲೋಮೀಟರ್, ಆದ್ರೂ ತೂಕ ಒಂದೇ. ಇಟ್ಟಿಗೆನೂ ಅಷ್ಟೇ, ದಪ್ಪ ಅಗಲ ಉದ್ದ 1:2:4. ಇದು ರಾಜನ ಅರಮನೆನೇ ಅಂತ ಎಲ್ರೂ ಒಪ್ಪೋ ಕಟ್ಟಡ ಒಂದೂ ಇಲ್ಲ, ಹಾಗಿದ್ಮೇಲೆ ಈ ಶಿಸ್ತು ಕಾಯ್ತಿದ್ದವ್ರು ಯಾರು? ಹರಪ್ಪಾದಲ್ಲಿ ಊರಬಾಗಿಲ ಹತ್ರ ಇಂಥ ಕಲ್ಲುಗಳು ಸಿಕ್ಕಿರೋದ್ರಿಂದ ಅಲ್ಲಿ ಸುಂಕ ವಸೂಲಿ ನಡೀತಿತ್ತು ಅಂತ ಕೆಲವು ತಜ್ಞರ ಊಹೆ. ನಂಗೂ ಅದೇ ಸರಿ ಅನ್ಸುತ್ತೆ, ಸುಂಕದವನಿಲ್ದೆ ಇಷ್ಟು ಕರೆಕ್ಟಾಗಿ ಯಾರು ತೂಗ್ತಾರೆ ಹೇಳಿ. ಕಡಲಾಚೆ ಬಹ್ರೇನಲ್ಲೂ ಇದೇ ತೂಕದ ಕಲ್ಲು ಸಿಕ್ಕಿವೆ.

ಕ್ರಿ.ಪೂ. 1900ರ ಹೊತ್ತಿಗೆ ಮಳೆ ಕಮ್ಮಿಯಾಗಿ ದೊಡ್ಡ ಊರುಗಳು ಖಾಲಿಯಾಗ್ತಾ ಬಂದ್ವು, ದೂರದ ವ್ಯಾಪಾರ ಬಿತ್ತು, ಮುದ್ರೆ ಲಿಪಿ ಜೊತೆ ಈ ಕಲ್ಲುಗಳೂ ಮಾಯ. ಪಕ್ಕದ್ಮನೆಯವ್ರಿಗೆ ಒಂದು ಬೊಗಸೆ ಬಾರ್ಲಿ ಕೊಡೋಕೆ 0.86 ಗ್ರಾಂ ಕಲ್ಲು ಯಾರಿಗೆ ಬೇಕಿತ್ತು.