ಟೈಟ್ ಮಾಡಿದರೆ ಹಬ್ ಸರಿಯಾಗುವುದಿಲ್ಲ

ಮಳೆ ಬಿಟ್ಟ ಮೇಲೆ ಬದಿಯಡ್ಕದ ನನ್ನ ಅಂಗಡಿಗೆ ಬರುವ ಸೈಕಲ್‌ಗಳಿಗೆ ಹೆಚ್ಚಾಗಿ ಒಂದೇ ತೊಂದರೆ. ಚಕ್ರ ಗರಗರ ಅನ್ನುತ್ತದೆ. ಜೂನ್‌ನಿಂದ ಬಿದ್ದ ಮಳೆನೀರು ಚಕ್ರದ ನಡುವಿನ, ಆಕ್ಸಲ್ ಹಾದುಹೋಗುವ ಹಬ್‌ನೊಳಗೆ ಇಳಿದಿರುತ್ತದೆ, ಅದರ ಜೊತೆ ನಮ್ಮ ಮುರಕಲ್ಲಿನ ಕೆಂಪು ಹುಡಿಯೂ. ಗ್ರೀಸಿಗೆ ಈ ಹುಡಿ ಸೇರಿದರೆ ಅದು ಗ್ರೀಸಾಗಿ ಉಳಿಯುವುದಿಲ್ಲ, ಉಕ್ಕನ್ನು ಅರೆಯುವ ಪೇಸ್ಟ್ ಆಗುತ್ತದೆ.

ಕಳೆದ ವಾರ ಪೇಪರ್ ಹಾಕುವ ಹುಡುಗನೊಬ್ಬ ಬಂದಿದ್ದ. “ಅಣ್ಣಾ, ಹಿಂದಿನ ಚಕ್ರ ಶಬ್ದ ಮಾಡ್ತದೆ. ಸ್ವಲ್ಪ ಟೈಟ್ ಮಾಡಿ ಕೊಡಿ, ಸಾಕು” ಅಂದ. ಹತ್ತರಲ್ಲಿ ಎಂಟು ಜನ ಹೀಗೇ ಕೇಳುತ್ತಾರೆ. ಆಕ್ಸಲ್ ಮೇಲೆ ಕೂತು ಗುಂಡುಗಳನ್ನು ಒತ್ತಿ ಹಿಡಿಯುವ ಕೋನ್ ಬಿಗಿ ಮಾಡಿದರೆ ಎರಡು ದಿನ ಶಬ್ದ ಅಡಗುತ್ತದೆ, ನಿಜ. ಆದರೆ ಒಳಗೆ ಬೇರಿಂಗಿನ ಗುಂಡುಗಳು ಸಲೀಸಾಗಿ ಉರುಳುವುದು ಬಿಟ್ಟು ಒತ್ತಿಕೊಂಡು ಉಜ್ಜತೊಡಗುತ್ತವೆ. ಹಬ್ ಹಾಳಾಗುವುದು ಅಲ್ಲಿಂದಲೇ.

ಬಿಚ್ಚುವ ಮೊದಲು ಶಬ್ದ ಎಲ್ಲಿಂದ ಅಂತ ನೋಡಿ. ಪೆಡಲ್ ನಿಲ್ಲಿಸಿದ ಕೂಡಲೇ ಶಬ್ದ ನಿಂತರೆ ಹಬ್ ಅಲ್ಲ, ಚೈನ್, ಪೆಡಲ್ ಅಥವಾ ಪೆಡಲಿನ ಕೈಗಳು ತಿರುಗುವ ಬಾಟಮ್ ಬ್ರಾಕೆಟ್, ಅಂದರೆ ಬಿಬಿ ನೋಡಬೇಕು. ಪೆಡಲ್ ತುಳಿಯದೆ ಇಳಿಜಾರಿನಲ್ಲಿ ಹೋಗುವಾಗಲೂ ಗರಗರ ಇದ್ದರೆ ಹಬ್ ಮೇಲೆ ಅನುಮಾನ. ಚಕ್ರ ಎತ್ತಿ ತಿರುಗಿಸಿ, ಫೋರ್ಕಿನ ಮೇಲೆ ಬೆರಳಿಡಿ. ಕಿವಿಗೆ ಕೇಳದ ಒರಟು ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ರಿಮ್ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಟಕ್ ಟಕ್ ಅಂದರೆ ಪ್ಲೇ (ಸಡಿಲ) ಇದೆ.

ಆ ಹುಡುಗನ ಚಕ್ರವನ್ನು ಹಳೆ ಬನಿಯನ್ ಬಟ್ಟೆಯ ಮೇಲಿಟ್ಟು ಬಿಚ್ಚಿದೆ. ಬಟ್ಟೆ ಇಲ್ಲದಿದ್ದರೆ ಗುಂಡುಗಳು ಉರುಳಿ ಎಲ್ಲೆಲ್ಲೋ ಹೋಗುತ್ತವೆ. ನಮ್ಮ ಸಾದಾ ಸೈಕಲ್‌ಗಳ ಹಿಂದಿನ ಹಬ್‌ನಲ್ಲಿ ಒಂದೊಂದು ಬದಿಗೆ ಸಾಮಾನ್ಯವಾಗಿ 9 ಗುಂಡು, ಕಾಲು ಇಂಚಿನವು. ಮುಂದಿನದರಲ್ಲಿ ಗುಂಡು ಸಣ್ಣದು, 3/16 ಇಂಚು. ಎಣಿಸಿದರೆ ಎಡಬದಿಯಲ್ಲಿ ಎಂಟೇ ಇತ್ತು. ಒಂದು ಪುಡಿಯಾಗಿ ಕೆಂಪು ಕೆಸರಿನಲ್ಲಿ ಸೇರಿತ್ತು. ಕೋನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಗುಂಡು ಓಡುವ ದಾರಿಯ ಮೇಲೆ ಬಾಲ್‌ಪೆನ್ನಿನ ತುದಿ ಎಳೆದೆ. ನುಣ್ಣಗೆ ಜಾರಬೇಕಾದ ತುದಿ ಎರಡು ಕಡೆ ತಡೆಯಿತು. ಬೆಳಕಿಗೆ ಹಿಡಿದರೆ ಸಿಡುಬಿನ ಕಲೆಯಂಥ ಗುಳಿಗಳು. ಅವನ ಕೈಗೇ ಕೊಟ್ಟು ತೋರಿಸಿದೆ.

ಕೋನ್, ಗುಂಡು ಎರಡೂ ಜಾಸ್ತಿ ಬೆಲೆಯವಲ್ಲ. ಬದಲಿಸಿದರಾಯಿತು. ಒಂದು ಗುಂಡು ಒಡೆದರೂ ಎಲ್ಲವನ್ನೂ ಹೊಸದು ಹಾಕಿ. ಸವೆದದ್ದರ ನಡುವೆ ಹೊಸತು ಸೇರಿದರೆ ಭಾರವೆಲ್ಲ ಅದರ ಮೇಲೇ ಬೀಳುತ್ತದೆ. ಆದರೆ ಹಬ್‌ನೊಳಗಿನ ಕಪ್ (ಗುಂಡು ಕೂರುವ ಬಟ್ಟಲು) ಗುಳಿ ಬಿದ್ದರೆ ಕತೆ ಬೇರೆ. ಹಬ್ಬನ್ನೇ ಬದಲಿಸಬೇಕು, ಅಂದರೆ ಹಿಂದಿನ ಚಕ್ರದ 40 ಸ್ಪೋಕ್ ಬಿಚ್ಚಿ ಮತ್ತೆ ಕಟ್ಟಬೇಕು. ಅವನ ಕಪ್ ಚೆನ್ನಾಗಿತ್ತು. ಇನ್ನೊಂದು ಮಳೆಗಾಲ ಟೈಟ್ ಮಾಡುತ್ತಾ ಓಡಿಸಿದ್ದರೆ ಉಳಿಯುತ್ತಿರಲಿಲ್ಲ.

ದಯವಿಟ್ಟು ಹಬ್ಬಿಗೆ ತೆಂಗಿನೆಣ್ಣೆ ಬಿಡಬೇಡಿ. ನಮ್ಮಲ್ಲಿ ಇದು ಮನೆಮನೆಯ ಅಭ್ಯಾಸ. ಅದು ಇದ್ದ ಗ್ರೀಸನ್ನು ತೆಳ್ಳಗೆ ಮಾಡಿ ಹೊರಗೆ ಇಳಿಸುತ್ತದೆ, ಸುಮಾರು 24 ಡಿಗ್ರಿಗೇ ಗಟ್ಟಿಯೂ ಆಗುತ್ತದೆ. ಕಪ್ ತುಂಬ ಗ್ರೀಸ್ ಮೆತ್ತಿ, ಗುಂಡುಗಳನ್ನು ಅದರಲ್ಲೇ ಕೂರಿಸಿ. ಸರ್ವಿಸ್ ಸ್ಟೇಷನ್‌ನ ಜೋರು ನೀರನ್ನೂ ಹಬ್ಬಿಗೆ ನೇರ ಹಿಡಿಸಬೇಡಿ. ಗೇರ್ ಸೈಕಲ್‌ನ ಸೀಲ್ಡ್ ಬೇರಿಂಗ್ (ಗುಂಡುಗಳನ್ನು ಒಳಗೇ ಮುಚ್ಚಿಟ್ಟದ್ದು) ಗರಗರ ಅಂದರೆ ಅದೇ ನಂಬರಿನದು ಹೊಸದು ಹಾಕುವುದೇ ಒಳ್ಳೆಯದು. ಕೂರಿಸುವಾಗ ಹೊರಗಿನ ರಿಂಗನ್ನೇ ಒತ್ತಬೇಕು.

ಕೊನೆಗೆ ಅಡ್ಜಸ್ಟ್‌ಮೆಂಟ್. ಇಲ್ಲಿ ಅವಸರ ಬೇಡ. ಕೋನನ್ನು ಕೈಯಲ್ಲೇ ಗುಂಡಿಗೆ ತಾಗುವಷ್ಟು ತಿರುಗಿಸಿ, ಕೂದಲೆಳೆಯಷ್ಟು ಹಿಂದೆ ಬಿಡಿ. ಆಮೇಲೆ ಕೋನ್ ಅಲುಗದಂತೆ ಒಂದು ಸ್ಪ್ಯಾನರಿನಲ್ಲಿ ಹಿಡಿದು, ಅದರ ಹೊರಗಿನ ಲಾಕ್‌ನಟ್ ಬಿಗಿ ಮಾಡಿ. ನಟ್ ಬಿಗಿಯಾಗುವಾಗ ಕೋನ್ ತುಸು ಒಳಗೆ ಹೋಗುತ್ತದೆ, ಅದಕ್ಕೇ ಆ ಕೂದಲೆಳೆ. ಮೂರ್ನಾಲ್ಕು ಸಲ ಮಾಡಬೇಕಾಗಬಹುದು. ಚಕ್ರ ಮೆಲ್ಲಗೆ ತಿರುಗಿಸಿ ಬಿಟ್ಟಾಗ ಅದು ತಟ್ಟನೆ ನಿಲ್ಲಬಾರದು. ಭಾರ ಇರುವ ಕಡೆ ಕೆಳಗೆ ಬಂದು, ಎರಡು ಸಲ ಹಿಂದೆ ಮುಂದೆ ತೂಗಿ ನಿಲ್ಲಬೇಕು. ರಿಮ್ ಅಲ್ಲಾಡಿಸಿದರೆ ಪ್ಲೇ ಇರಬಾರದು.

ಆ ಹುಡುಗನ ಚಕ್ರ ಮೂರು ಸಲ ತೂಗಿತು. ವಾಲ್ವ್ ಕೆಳಗೆ ಬಂದು ನಿಲ್ಲುವವರೆಗೂ ಅವನು ಕಣ್ಣು ತೆಗೆಯಲಿಲ್ಲ.