ಜೇಡ ಕಂಡರೆ ಭಯ, ಕಾಣದಿದ್ದರೆ ಇನ್ನೂ ಭಯ

ಮಲಗುವ ಕೋಣೆಯ ಬಾಗಿಲು ಹಾಕಿ, ಕೆಳಗಿನ ಸಂದಿಗೆ ಟವೆಲ್ ತುರುಕಿ, ಮೂರು ರಾತ್ರಿ ಸೋಫಾದ ಮೇಲೆ ಮಲಗಿದ್ದೆ ಎಂದು ಒಬ್ಬರು ನನ್ನೆದುರು ಕೂತು ಹೇಳಿದರು. ಹೇಳುತ್ತಾ ಅವರಿಗೇ ನಗು ಬಂತು. ಆಮೇಲೆ ಕಣ್ಣಲ್ಲಿ ನೀರೂ ಬಂತು. ಕಚೇರಿಯಲ್ಲಿ ಮೂವತ್ತು ಜನರನ್ನು ನಿಭಾಯಿಸುವ ಹೆಂಗಸು. ಮನೆಯಲ್ಲಿ ಒಬ್ಬರೇ. ಆ ಕೋಣೆಯೊಳಗೆ ಇದ್ದದ್ದು ಒಂದು ಜೇಡ. ಇನ್ನೂ ಇತ್ತೋ ಇಲ್ಲವೋ, ಅದೂ ಗೊತ್ತಿಲ್ಲ. ಬೀರುವಿನ ಹಿಂದೆ ಸರಿದು ಹೋದದ್ದನ್ನು ನೋಡಿದ್ದರು, ಅಷ್ಟೇ.

ನಾನು ಮನಶ್ಶಾಸ್ತ್ರಜ್ಞೆ. ಇಂಥ ಭಯಗಳಿಗೆ ಚಿಕಿತ್ಸೆ ಕೊಡುವುದು ನನ್ನ ಕೆಲಸದ ದೊಡ್ಡ ಪಾಲು. ಜೇಡದ ಭಯ ಎಂದು ಬಂದವರಿಗೆ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಜೇಡ ಕಣ್ಣೆದುರು ಇದ್ದಾಗ ಭಯ ಜಾಸ್ತಿನಾ, ಕಣ್ತಪ್ಪಿಸಿ ಹೋದ ಮೇಲೆ ಜಾಸ್ತಿನಾ? ಮನೆಯಲ್ಲಿ ನಾಲ್ಕು ಜನ ಇರುವವರು ಸಾಮಾನ್ಯವಾಗಿ ತಕ್ಷಣ "ಕಂಡಾಗ" ಅನ್ನುತ್ತಾರೆ. ಒಬ್ಬರೇ ಇರುವವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಹೋದ ಮೇಲೆ" ಅನ್ನುತ್ತಾರೆ.

ಅದಕ್ಕೆ ಕಾರಣ ಇದೆ. ಜೇಡ ಹಿಡಿಯುವುದು ಮೂಲತಃ ಇಬ್ಬರ ಕೆಲಸ. ಒಬ್ಬರು ಅದರ ಮೇಲೆ ಕಣ್ಣಿಟ್ಟು ನಿಲ್ಲಬೇಕು, ಇನ್ನೊಬ್ಬರು ಓಡಿಹೋಗಿ ಪೊರಕೆಯನ್ನೋ ಡಬ್ಬಿಯನ್ನೋ ತರಬೇಕು. ಒಬ್ಬರೇ ಇದ್ದರೆ ಏನಾಗುತ್ತದೆ? ತರಲು ಹೋದರೆ ಅದು ಮಾಯವಾಗುತ್ತದೆ. ಹೋಗದೆ ನಿಂತರೆ ಬರಿಗೈ. ಎಷ್ಟೋ ಜನ ಹೀಗೆ ಗೋಡೆ ನೋಡುತ್ತಾ ಅರ್ಧ ಗಂಟೆ ನಿಂತಿರುತ್ತಾರೆ. ಇವರಿಗೆ "ಧೈರ್ಯ ತಂದುಕೊಳ್ಳಿ" ಎಂದು ಹೇಳಿ ಪ್ರಯೋಜನವಿಲ್ಲ. ಮೊದಲು ಆ ಎರಡನೇ ಮನುಷ್ಯನ ಕೆಲಸಕ್ಕೆ ಏನಾದರೂ ದಾರಿ ಹುಡುಕಬೇಕು.

ದಾರಿ ತುಂಬಾ ಸರಳ. ಅಗಲ ಬಾಯಿಯ, ಆಚೆ ಕಡೆ ಕಾಣುವ ಒಂದು ಪ್ಲಾಸ್ಟಿಕ್ ಡಬ್ಬಿ ಮತ್ತು ಒಂದು ಗಟ್ಟಿ ರಟ್ಟು. ಡಬ್ಬಿಯ ಬಾಯಿ ನಿಮ್ಮ ಅಂಗೈ ಅಗಲ ಇದ್ದರೆ ಒಳ್ಳೆಯದು. ಇದು ಅಡುಗೆಮನೆಯಲ್ಲಿ ಒಂದು ಇದ್ದರೆ ಸಾಲದು. ಪ್ರತಿ ಕೋಣೆಯಲ್ಲೂ ಒಂದೊಂದು ಜೊತೆ ಇರಲಿ, ಹಾಸಿಗೆಯ ಪಕ್ಕದಲ್ಲಂತೂ ಇರಲೇಬೇಕು. ಕೈಚಾಚಿದರೆ ಸಿಗಬೇಕು, ಮುಖ ತಿರುಗಿಸುವ ಹಾಗಿರಬಾರದು. ನನ್ನ ಬಳಿ ಬರುವವರಿಗೆ ಮೊದಲ ದಿನ ಕೊಡುವ ಮನೆಗೆಲಸ ಇಷ್ಟೇ. ಡಬ್ಬಿಗಳನ್ನು ಇಟ್ಟ ರಾತ್ರಿಯೇ ನಿದ್ದೆ ಚೆನ್ನಾಗಿ ಬಂತು ಎಂದವರು ಇದ್ದಾರೆ. ಜೇಡ ಬಂದಿರಲೇ ಇಲ್ಲ, ಆದರೂ.

ಇನ್ನು ಜೇಡದ ಓಟದ ಬಗ್ಗೆ ಸ್ವಲ್ಪ ಹೇಳಬೇಕು. ನನ್ನ ಬಳಿ ಬಂದವರ ಮುಖ ಸಡಿಲವಾಗುವುದು ಹೆಚ್ಚಾಗಿ ಇದನ್ನು ಕೇಳಿದಾಗ. ನಮ್ಮ ಕಾಲು ಮಡಚಲು ಒಂದು ಸ್ನಾಯು ಇದ್ದರೆ ಚಾಚಲು ಇನ್ನೊಂದು ಇದೆ. ಜೇಡದ ಕಾಲಿನ ಮುಖ್ಯ ಗಂಟುಗಳಲ್ಲಿ ಚಾಚುವ ಸ್ನಾಯುವೇ ಇಲ್ಲ. ಮೈಯೊಳಗಿನ ದ್ರವವನ್ನು ಒತ್ತಡದಿಂದ ಕಾಲಿಗೆ ನೂಕಿ ಅದು ಕಾಲು ಚಾಚುತ್ತದೆ. ಸತ್ತ ಜೇಡದ ಕಾಲುಗಳು ಒಳಗೆ ಮುದುಡಿಕೊಂಡಿರುತ್ತವಲ್ಲ, ಒತ್ತಡ ನಿಂತಿದ್ದಕ್ಕೇ ಹಾಗೆ. ಓಟದಲ್ಲಿ ಅದಕ್ಕೆ ದಮ್ಮೂ ಕಡಿಮೆ. ಸರ್ರನೆ ಓಡುತ್ತದೆ, ಬೇಗ ಸುಸ್ತಾಗುತ್ತದೆ, ನಿಲ್ಲುತ್ತದೆ. ನಿಂತಾಗ "ನನ್ನನ್ನೇ ನೋಡ್ತಿದೆ" ಎಂದು ನಮಗೆ ಅನ್ನಿಸುತ್ತದೆ. ಪಾಪ, ಅದು ಸುಧಾರಿಸಿಕೊಳ್ಳುತ್ತಿರುತ್ತದೆ. ಆ ಹೊತ್ತು ನಿಮ್ಮದು.

ನಿಧಾನವಾಗಿ ಹತ್ತಿರ ಹೋಗಿ. ಮನೆಯ ಹೆಚ್ಚಿನ ಜೇಡಗಳಿಗೆ ಕಣ್ಣು ಅಷ್ಟಕ್ಕಷ್ಟೇ. ನೆಲದ ಅದುರು, ಗಾಳಿಯ ಅಲುಗಾಟ ಮಾತ್ರ ಕಾಲಿನ ಕೂದಲುಗಳಿಂದ ಚೆನ್ನಾಗಿ ಗೊತ್ತಾಗುತ್ತದೆ. ದಡಬಡ ಹೋದರೆ ಓಡುತ್ತದೆ. (ನಿಜವಾಗಿಯೂ ನಿಮ್ಮತ್ತ ತಿರುಗಿ ನೋಡುವುದು ಪುಟ್ಟದಾದ, ಜಿಗಿಯುವ ಜೇಡ. ಅದರ ಕಣ್ಣು ಬಹಳ ಚುರುಕು. ಆದರೆ ಅದು ನಿಮ್ಮ ಉಗುರಿಗಿಂತ ದೊಡ್ಡದೇನೂ ಇರುವುದಿಲ್ಲ.) ಡಬ್ಬಿಯನ್ನು ನೇರವಾಗಿ ಮೇಲಿನಿಂದ ಕವುಚಿ. ಗೋಡೆಯ ಮೇಲಿದ್ದರೆ ಗೋಡೆಗೆ ಒತ್ತಿ ಹಿಡಿದು, ನಿಧಾನಕ್ಕೆ ರಟ್ಟನ್ನು ಸಂದಿಗೆ ತೂರಿಸಿ. ನೆಲದ ಮೇಲಿದ್ದರೆ ಇನ್ನೂ ಸುಲಭ. ಕವುಚಿದ ಡಬ್ಬಿಯ ಮೇಲೆ ಒಂದು ದಪ್ಪ ಪುಸ್ತಕ ಇಟ್ಟು ಹೋಗಿ ಕೂತುಕೊಳ್ಳಿ. ನೀರು ಕುಡಿಯಿರಿ. ಉಳಿದದ್ದನ್ನು ಅವಸರದಲ್ಲಿ ಮಾಡಬೇಕಿಲ್ಲ. ಊಟವಿಲ್ಲದೆ ಎಷ್ಟೋ ದಿನ ಇರುವ ಪ್ರಾಣಿ ಅದು, ಬೆಳಗಿನ ತನಕ ಇದ್ದರೂ ಸಾಯುವುದಿಲ್ಲ. ರಾತ್ರಿ ಡಬ್ಬಿ ಕವುಚಿ, ಬೆಳಗ್ಗೆ ಬೆಳಕಾದ ಮೇಲೆ ರಟ್ಟು ತೂರಿಸಿ ಹೊರಗೆ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ.

ಚಾವಣಿಯಲ್ಲಿದ್ದರೆ? ಬಿಟ್ಟುಬಿಡಿ. ಕುರ್ಚಿಯ ಮೇಲೆ ಸ್ಟೂಲ್ ಇಟ್ಟು ಹತ್ತಬೇಡಿ. ಒಬ್ಬರೇ ಇರುವ ಮನೆಯಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವುದು ಜೇಡಕ್ಕಿಂತ ಎಷ್ಟೋ ಪಾಲು ದೊಡ್ಡ ಅಪಾಯ. ಈ ವಿಷಯದಲ್ಲಿ ನಾನು ಸ್ವಲ್ಪ ಗದರಿಸಿಯೇ ಹೇಳುತ್ತೇನೆ.

ಒಬ್ಬರೇ ಇರುವವರು ಬಾಯಿಬಿಟ್ಟು ಹೇಳದ ಇನ್ನೊಂದು ಭಯ ಇದೆ. "ಹೆದರಿ ಮೂರ್ಛೆ ಹೋದರೆ? ನೋಡೋಕೂ ಯಾರೂ ಇಲ್ಲ." ಎದೆ ಡವಡವ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಬೆವರು ಬರುತ್ತದೆ. ಹಾಗಾಗಿ ಬಿದ್ದೇ ಹೋಗುತ್ತೇನೆ ಅನ್ನಿಸುವುದು ಸಹಜ. ಆದರೆ ತಲೆ ತಿರುಗಿ ಬೀಳುವುದು ರಕ್ತದೊತ್ತಡ ದಿಢೀರನೆ ಇಳಿದಾಗ. ರಕ್ತ ಅಥವಾ ಸೂಜಿ ಕಂಡರೆ ಹೆದರುವವರಲ್ಲಿ ಹಾಗಾಗುವುದುಂಟು. ಪ್ರಾಣಿಗಳ ಭಯದಲ್ಲಿ ಆಗುವುದು ಇದಕ್ಕೆ ಉಲ್ಟಾ. ಎದೆಬಡಿತವೂ ಏರುತ್ತದೆ, ಒತ್ತಡವೂ ಏರುತ್ತದೆ. ಓಡಲು ಮೈ ಸಿದ್ಧವಾಗುತ್ತಿರುತ್ತದೆ. ಆ ಡವಡವ ಶಬ್ದವೇ ನೀವು ಬೀಳುವುದಿಲ್ಲ ಅನ್ನುವುದಕ್ಕೆ ಗುರುತು ಎಂದು ಹೇಳಿದಾಗ ಒಬ್ಬರು ನನ್ನನ್ನು ಬಹಳ ಹೊತ್ತು ಅನುಮಾನದಿಂದ ನೋಡಿದ್ದರು.

ಇನ್ನು ಕಚ್ಚುವ ವಿಷಯ. ಈವರೆಗೆ ಹೆಸರಿಟ್ಟಿರುವ ಜೇಡದ ಜಾತಿಗಳು 50,000ಕ್ಕಿಂತ ಹೆಚ್ಚು. ಮನುಷ್ಯನಿಗೆ ನಿಜಕ್ಕೂ ತೊಂದರೆ ಕೊಡಬಲ್ಲವು ಅವುಗಳಲ್ಲಿ ಬಹಳ ಕಡಿಮೆ. ಬ್ಲಾಕ್ ವಿಡೋ ಗುಂಪಿನವು, ಬ್ರೌನ್ ರೆಕ್ಲೂಸ್ ಗುಂಪಿನವು, ಆಸ್ಟ್ರೇಲಿಯಾದ ಫನಲ್ ವೆಬ್, ದಕ್ಷಿಣ ಅಮೆರಿಕದ ಅಲೆಮಾರಿ ಜೇಡ, ಹೀಗೆ ಕೆಲವು. ಫನಲ್ ವೆಬ್ ವಿಷಕ್ಕೆ 1981ರಲ್ಲಿ ಪ್ರತಿವಿಷ ಬಂತು. ಆಮೇಲೆ ಅದರಿಂದ ಒಬ್ಬರೂ ಸತ್ತದ್ದು ದಾಖಲಾಗಿಲ್ಲ. ನಿಮ್ಮ ಸುತ್ತಮುತ್ತ ಇಂಥವು ಇವೆಯೇ, ಇದ್ದರೆ ನೋಡಲು ಹೇಗಿರುತ್ತವೆ ಎಂದು ಒಮ್ಮೆ ತಿಳಿದುಕೊಳ್ಳಿ. ಒಮ್ಮೆ ಸಾಕು. ರಾತ್ರಿ ಎರಡು ಗಂಟೆಗೆ ಮೊಬೈಲ್‌ನಲ್ಲಿ ಚಿತ್ರ ಹುಡುಕುತ್ತಾ ಕೂರಬೇಡಿ.

ಅಮೆರಿಕದ ಕ್ಯಾನ್ಸಸ್‌ನ ಒಂದು ಮನೆಯ ಕತೆಯನ್ನು ಎಲ್ಲರಿಗೂ ಹೇಳುತ್ತೇನೆ. 2001ರಲ್ಲಿ ಆ ಮನೆಯಲ್ಲಿ ಆರು ತಿಂಗಳಲ್ಲಿ 2,055 ಬ್ರೌನ್ ರೆಕ್ಲೂಸ್ ಜೇಡಗಳನ್ನು ಹಿಡಿದರು. ವಿಷದ ಜಾತಿಯವೇ. ನಾಲ್ಕು ಜನರ ಸಂಸಾರ ಅಲ್ಲಿ ವರ್ಷಗಟ್ಟಲೆ ಬದುಕಿತ್ತು. ಒಬ್ಬರಿಗೂ ಕಚ್ಚಿದ ತೊಂದರೆ ಆಗಿರಲಿಲ್ಲ. ಇದನ್ನು ಕೇಳಿ ಸಮಾಧಾನ ಆಗುವವರೂ ಇದ್ದಾರೆ, "ಎರಡು ಸಾವಿರಾನಾ!" ಎಂದು ಕುರ್ಚಿಯಿಂದ ಎದ್ದವರೂ ಇದ್ದಾರೆ. ಜೇಡಕ್ಕೆ ನಮ್ಮ ರಕ್ತ ಬೇಡ. ಬೆಳಗ್ಗೆ ಎದ್ದಾಗ ಕೈಮೇಲೆ ಕಂಡ ಗುಳ್ಳೆಗೆ ಹೆಚ್ಚಿನ ಸಲ ಬೇರೆ ಯಾವುದೋ ಹುಳ ಕಾರಣ. ಕಚ್ಚಿದ್ದೇ ಆದರೆ ಸೋಪು ಹಾಕಿ ತೊಳೆದು ತಣ್ಣನೆಯ ಬಟ್ಟೆ ಇಡಿ. ನೋವು ಹರಡುತ್ತಾ ಹೋದರೆ, ಸ್ನಾಯು ಹಿಡಿದುಕೊಂಡರೆ, ವಿಪರೀತ ಬೆವರಿದರೆ, ಉಸಿರಾಟ ಕಷ್ಟವಾದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಅಪಾಯದ ಜಾತಿ ಎಂಬ ಅನುಮಾನ ಇದ್ದರೆ ಲಕ್ಷಣಕ್ಕೂ ಕಾಯುವುದು ಬೇಡ. ಹೊರಡುವ ಮುಂಚೆ ಯಾರಿಗಾದರೂ ಫೋನ್ ಮಾಡಿ ತಿಳಿಸಿ. ಒಬ್ಬರೇ ಇರುವವರು ಮರೆಯಬಾರದ ಮಾತು ಅದು.

"ಪಕ್ಕದ ಮನೆಯವರನ್ನು ಕರೆಯೋದು ತಪ್ಪಾ ಮೇಡಂ?" ಎಂದು ಕೇಳುತ್ತಾರೆ. ತಪ್ಪೇನಿಲ್ಲ. ಆದರೆ ಪ್ರತಿ ಸಲವೂ ಬೇರೆಯವರು ಬಂದು ತೆಗೆದರೆ, ಅವರು ಬಂದಿದ್ದಕ್ಕೆ ಬದುಕಿದೆ ಎಂದು ಮನಸ್ಸು ಬರೆದುಕೊಳ್ಳುತ್ತದೆ. ಮುಂದಿನ ಸಲ ಭಯ ಒಂದು ಕೈ ಜಾಸ್ತಿಯೇ ಆಗುತ್ತದೆ. ಅದರ ಬದಲು ನಾನು ಹೇಳುವ ಉಪಾಯ ಹೀಗಿದೆ. ಸ್ನೇಹಿತರಿಗೆ ವಿಡಿಯೊ ಕರೆ ಮಾಡಿ, ಫೋನನ್ನು ಜೇಡದ ಕಡೆಗೆ ತಿರುಗಿಸಿ ಎಲ್ಲಾದರೂ ಒರಗಿಸಿಡಿ. ಅವರು ಕಣ್ಣಿಟ್ಟಿರಲಿ, ನೀವು ಡಬ್ಬಿ ತನ್ನಿ. ಅವರು ಉಪದೇಶ ಮಾಡಬಾರದು, ಎಲ್ಲಿದೆ ಎಂದು ಹೇಳಿದರೆ ಸಾಕು. ಹಿಡಿಯುವ ಕೈ ನಿಮ್ಮದೇ ಆಗಿರುತ್ತದೆ. ಎರಡು ಮೂರು ಸಲ ಆದಮೇಲೆ ಈ ಊರುಗೋಲನ್ನೂ ಬಿಡಬೇಕು.

ಭಯ ಇಷ್ಟಕ್ಕೆ ಬಗ್ಗದಿದ್ದರೆ ಚಿಕಿತ್ಸೆ ಇದೆ. ವರ್ಷಗಟ್ಟಲೆ ಹಿಡಿಯುವ ಚಿಕಿತ್ಸೆಯೇನಲ್ಲ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಗೋರನ್ ಓಸ್ಟ್ 1989ರಲ್ಲಿ ಒಂದೇ ಕೂರುವಿಕೆಯ ಚಿಕಿತ್ಸೆಯ ಬಗ್ಗೆ ಬರೆದರು. ಹೆಚ್ಚೆಂದರೆ ಮೂರು ಗಂಟೆ. ದೂರದಿಂದ ಶುರುವಾಗಿ ಮೆಟ್ಟಿಲು ಮೆಟ್ಟಿಲಾಗಿ ಜೇಡದ ಹತ್ತಿರ ಹೋಗುವುದು. ಪ್ರತಿ ಮೆಟ್ಟಿಲಲ್ಲೂ ಭಯ ತಾನಾಗಿ ಇಳಿಯುವ ತನಕ ಅಲ್ಲೇ ನಿಲ್ಲುವುದು. ಭಯ ಏರಿದಾಗ ಓಡಿದರೆ ಕಲಿಕೆ ನಡೆಯುವುದಿಲ್ಲ. ಮನೆಯಲ್ಲಿ ಇದರ ಸಣ್ಣ ರೂಪವನ್ನು ನೀವೇ ಮಾಡಬಹುದು. ಚಿತ್ರದಿಂದ ಶುರುಮಾಡಿ, ಆಮೇಲೆ ವಿಡಿಯೊ, ಆಮೇಲೆ ಡಬ್ಬಿಯೊಳಗಿನ ಜೇಡವನ್ನು ಹತ್ತು ಅಡಿ ದೂರದಿಂದ, ಐದು ಅಡಿಯಿಂದ. ದಿನದ ಕೆಲಸವೇ ನಿಲ್ಲುವಷ್ಟು ಭಯ ಇದ್ದರೆ ಮಾತ್ರ ಒಬ್ಬರೇ ಪ್ರಯೋಗ ಮಾಡದೆ ಚಿಕಿತ್ಸಕರ ಜೊತೆಗೇ ಮಾಡಿ.

ಈ ಮೆಟ್ಟಿಲು ಹತ್ತುವಾಗ ಬಾಯಲ್ಲಿ ಏನು ಹೇಳಿಕೊಳ್ಳುತ್ತೀರಿ ಅನ್ನುವುದಕ್ಕೂ ಬೆಲೆ ಇದೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜೇಡಕ್ಕೆ ಹೆದರುವ 88 ಜನರನ್ನು ಟ್ಯಾರಂಟುಲಾ ಎಂಬ ದೊಡ್ಡ ಜೇಡದ ಹತ್ತಿರಕ್ಕೆ ಕರೆದೊಯ್ದರು. ಒಂದು ಗುಂಪಿನವರು "ಇದು ಚಿಕ್ಕದು, ಏನೂ ಮಾಡಲ್ಲ" ಎಂಬಂತೆ ಸಮಾಧಾನ ಹೇಳಿಕೊಂಡರು. ಇನ್ನೊಂದು ಗುಂಪಿನವರು ತಮಗೆ ಆಗುತ್ತಿರುವ ಭಯವನ್ನೇ ಬಾಯಿಬಿಟ್ಟು ಹೇಳಿದರು. "ಈ ಅಸಹ್ಯ ಜೇಡ ನನ್ನ ಮೇಲೆ ಹಾರುತ್ತೆ ಅಂತ ಹೆದರಿಕೆ ಆಗ್ತಿದೆ" ಅನ್ನುವ ಥರ. ವಾರದ ನಂತರ ನೋಡಿದರೆ, ಭಯವನ್ನು ಹೇಳಿಕೊಂಡವರ ಕೈ ಬೆವರುವುದು ಉಳಿದವರಿಗಿಂತ ಕಡಿಮೆಯಾಗಿತ್ತು. ಒಬ್ಬರೇ ಇರುವುದಕ್ಕೆ ಇಲ್ಲಿ ಲಾಭವೇ ಇದೆ. ಜೋರಾಗಿ ಹೇಳಿ, ಕೇಳಿಸಿಕೊಳ್ಳುವವರು ಯಾರೂ ಇಲ್ಲ, ಅಲ್ವಾ? ನನಗೆ ಜಿರಳೆ ಆಗುವುದಿಲ್ಲ. ನಾನು ಅದಕ್ಕೆ ಬೈದುಕೊಂಡೇ ಹಿಡಿಯುತ್ತೇನೆ.

ಮನೆಯ ಬಗ್ಗೆ ಎರಡು ಮಾತು. ಜೇಡ ಬರುವುದು ಹುಳ ಇರುವ ಕಡೆ. ರಾತ್ರಿ ಬೆಳ್ಳನೆಯ ದೀಪ ಹಾಕಿ ಕಿಟಕಿ ತೆರೆದಿಟ್ಟರೆ ಹುಳ ಬರುತ್ತದೆ, ಅದರ ಹಿಂದೆಯೇ ಇದೂ ಬರುತ್ತದೆ. ಹೊರಗಿನ ದೀಪ ಹಳದಿ ಬೆಳಕಿನದಾದರೆ ವಾಸಿ. ಕಿಟಕಿಗೆ ಜಾಲರಿ, ಬಾಗಿಲ ಕೆಳಗೆ ಪಟ್ಟಿ. ಗೋಡೆಗೆ ಒತ್ತಿಟ್ಟ ರಟ್ಟಿನ ಪೆಟ್ಟಿಗೆಗಳನ್ನು ಖಾಲಿ ಮಾಡಿ. ವಾರಕ್ಕೊಮ್ಮೆ ಮೂಲೆಗಳಿಗೆ ಉದ್ದ ಹಿಡಿಯ ಪೊರಕೆ ಆಡಿಸಿ, ದಾರದ ಉಂಡೆಯಂಥ ಮೊಟ್ಟೆ ಚೀಲ ಕಂಡರೆ ಮೊದಲು ತೆಗೆಯಿರಿ. ಒಂದೊಂದರಲ್ಲಿ ನೂರಾರು ಮೊಟ್ಟೆ ಇರಬಹುದು. ಸ್ಪ್ರೇ ನನಗೆ ಇಷ್ಟವಿಲ್ಲ. ಜೇಡ ಉದ್ದ ಕಾಲುಗಳ ಮೇಲೆ ಮೈ ಎತ್ತಿ ನಡೆಯುವುದರಿಂದ ನೆಲಕ್ಕೆ ಹೊಡೆದ ಮದ್ದು ಅದಕ್ಕೆ ಅಷ್ಟಾಗಿ ತಾಗುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಆ ವಾಸನೆ ಕುಡಿದು ಮಲಗುವವರು ನೀವೇ.

ಇಷ್ಟೆಲ್ಲ ಆದಮೇಲೂ ಒಂದು ರಾತ್ರಿ ಜೇಡ ಬೀರುವಿನ ಹಿಂದೆ ಹೋಗಿಯೇ ಹೋಗುತ್ತದೆ. ಆಗ ಮಂಚವನ್ನು ಗೋಡೆಯಿಂದ ಒಂದು ಗೇಣು ಎಳೆಯಿರಿ. ಹೊದಿಕೆ ನೆಲಕ್ಕೆ ತಾಗದಿರಲಿ. ಹಾಸಿಗೆಯನ್ನು ಒಮ್ಮೆ ಕೊಡವಿ, ಚಪ್ಪಲಿಯನ್ನೂ ಒಮ್ಮೆ. ಎರಡನೇ ಸಲ ಕೊಡವಬೇಡಿ, ಏಕೆಂದರೆ ಎರಡನೆಯದರ ನಂತರ ಹತ್ತನೆಯದೂ ಬರುತ್ತದೆ. ಆಮೇಲೆ ದೀಪ ಆರಿಸಿ. ನಿದ್ದೆಯಲ್ಲಿ ವರ್ಷಕ್ಕೆ ಎಂಟು ಜೇಡ ನುಂಗುತ್ತೇವೆ ಅನ್ನುವುದು ಶುದ್ಧ ಸುಳ್ಳು. ಉಸಿರಾಡುವ, ಗೊರಕೆ ಹೊಡೆಯುವ, ಅದುರುವ ಇಷ್ಟು ದೊಡ್ಡ ಪ್ರಾಣಿಯ ಬಾಯಿಗೆ ಬಂದು ಬೀಳಲು ಅದಕ್ಕೇನು ಹುಚ್ಚೇ?

ಸೋಫಾದ ಮೇಲೆ ಮಲಗಿದ್ದವರು ಐದು ಸಲ ಬಂದರು. ನಾಲ್ಕನೆಯ ಸಲ ಮೊಬೈಲ್‌ನಲ್ಲಿ ಒಂದು ಫೋಟೊ ತೋರಿಸಿದರು. ನೆಲದ ಮೇಲೆ ಕವುಚಿದ ಡಬ್ಬಿ, ಅದರ ಮೇಲೆ ನಿಘಂಟು, ನಿಘಂಟಿನ ಮೇಲೆ ಇಸ್ತ್ರಿಪೆಟ್ಟಿಗೆ. "ಇಸ್ತ್ರಿಪೆಟ್ಟಿಗೆ ಯಾಕೆ?" ಎಂದೆ. "ಎತ್ತಿ ಹಾಕಿಬಿಟ್ರೆ?" ಎಂದರು. ಐದನೆಯ ಸಲದ ಹೊತ್ತಿಗೆ ಇಸ್ತ್ರಿಪೆಟ್ಟಿಗೆ ಮೊದಲಿನ ಜಾಗಕ್ಕೆ ಹೋಗಿತ್ತು. ನಿಘಂಟು ಇನ್ನೂ ಇತ್ತು.